ಎಂಜಿನ್ನಿನ ಒಳಮೈಯ ಗೀರುಗಳು

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೋಗುವ ಹೆದ್ದಾರಿಯ ಮೇಲೆ ಕಂಪಲಾಪುರವೆಂಬ ಊರಿದೆ. ಸುತ್ತಲೂ ಹೊಗೆಸೊಪ್ಪು, ರಾಗಿ, ಮುಸುಕಿನ ಜೋಳಗಳ ಹೊಲಗಳು. ಊರಿನಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ. ಹರಾಜಿನ ದಿನಗಳಲ್ಲಿ ಇಲ್ಲಿಗೆ ಸೊಪ್ಪಿನ ಬೇಲುಗಳನ್ನು ಹೊತ್ತು ಬರುವ ಟ್ರಾಕ್ಟರುಗಳನ್ನೂ ಸರಕಿನ ಆಟೋಗಳನ್ನೂ ನೋಡಿದರೆ, ಒಂದು ಕಾಲಕ್ಕೆ ಎತ್ತಿನ ಗಾಡಿಯನ್ನು ನಂಬಿದ್ದ ಈ ಸೀಮೆ ಇಂದು ಎಂಜಿನ್ನನ್ನು ಎಷ್ಟರಮಟ್ಟಿಗೆ ನಂಬಿದೆಯೆಂಬುದು ತಾನಾಗಿಯೇ ತಿಳಿಯುತ್ತದೆ. ಅಂಥ ಒಂದು ಎಂಜಿನ್ನು ಸವೆದು, ನೀಲಿ ಹೊಗೆ ಉಗುಳುತ್ತ, ಎಣ್ಣೆ ಕುಡಿಯತೊಡಗಿದಾಗ ಅದನ್ನು ಬಿಚ್ಚಿ, ಸಿಲಿಂಡರನ್ನು ಹುಣಸೂರಿಗೋ ಮೈಸೂರಿಗೋ ಕಳುಹಿಸಿ ಹೊಸದಾಗಿ ಕೊರೆಯಿಸಿ ತರುವುದುಂಟು. ಹೀಗೆ ಕೊರೆದು ಬಂದ ಸಿಲಿಂಡರನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದವರಿಗೆ ಒಂದು ವಿಷಯ ವಿಚಿತ್ರವಾಗಿ ಕಾಣುತ್ತದೆ. ಒಳಮೈ ಕನ್ನಡಿಯಂತೆ ಹೊಳೆಯುವುದಿಲ್ಲ. ಅದರ ತುಂಬ ಎಡಕ್ಕೂ ಬಲಕ್ಕೂ ಓರೆಯಾಗಿ ಓಡಿ ಒಂದನ್ನೊಂದು ಕತ್ತರಿಸುವ ಸಣ್ಣ ಸಣ್ಣ ಗೀರುಗಳು! ಸಾವಿರಾರು ರೂಪಾಯಿ ತೆತ್ತ ಒಡೆಯನು, ಕೆಲಸ ಅರ್ಧಕ್ಕೇ ನಿಂತಿದೆಯೆಂದು ಶಂಕಿಸಿದರೆ ಅದು ಸಹಜವೇ. ಆದರೆ ಆ ಗೀರುಗಳನ್ನು ಬೇಕೆಂದೇ ಹಾಕಿದ್ದಾರೆ. ಅವುಗಳಿಗಾಗಿ ಪ್ರತ್ಯೇಕ ಯಂತ್ರವುಂಟು, ಲೆಕ್ಕವುಂಟು, ಶಾಸ್ತ್ರವುಂಟು. ನಾವು ಈ ಲೇಖನದಲ್ಲಿ ವಿಚಾರಿಸತಕ್ಕದ್ದು ಈ ಗೀರುಗಳ ಪ್ರಯೋಜನವನ್ನೇ.

ಮೇಲ್ಮೈ ನುಣುಪಾದಷ್ಟೂ ಘರ್ಷಣೆ ಕಡಿಮೆ ಎಂಬುದು ನಮ್ಮಲ್ಲಿ ಬೇರೂರಿದ ಭಾವನೆ. ಒರಟು ಹಲಗೆಯ ಮೇಲೆ ಎಳೆಯುವುದಕ್ಕಿಂತ ನಯಮಾಡಿದ ಹಲಗೆಯ ಮೇಲೆ ಪೆಟ್ಟಿಗೆಯನ್ನು ಎಳೆಯುವುದು ಸುಲಭವಲ್ಲವೆ? ಇದು ಒಂದು ಮಿತಿಯವರೆಗೆ ಮಾತ್ರ ನಿಜ. ಕಣ್ಣಿಗೆ ಸಮತಲವಾಗಿ ಕಾಣುವ ಲೋಹದ ಮೈಯನ್ನು ಸಾವಿರ ಪಟ್ಟು ಹಿಗ್ಗಿಸಿ ನೋಡಿದರೆ ಅದು ದಿಣ್ಣೆ ತಗ್ಗುಗಳ ಪ್ರದೇಶ. ಎರಡು ಲೋಹಗಳನ್ನು ಒಂದರ ಮೇಲೊಂದು ಇಟ್ಟಾಗ ನಿಜವಾಗಿ ತಾಗುವುದು ದಿಣ್ಣೆಗಳ ತುದಿಗಳಷ್ಟೇ. ತೋರಿಕೆಯ ವಿಸ್ತೀರ್ಣದಲ್ಲಿ ಅದು ಅತ್ಯಲ್ಪ ಭಾಗ. ಇದನ್ನು ಸ್ಪಷ್ಟಪಡಿಸಿದವರು ಬೌಡನ್ ಮತ್ತು ಟೇಬರ್ ಎಂಬ ವಿಜ್ಞಾನಿಗಳು. ಘರ್ಷಣೆಯನ್ನು ಕುರಿತ ಅವರ ಪ್ರಸಿದ್ಧ ಗ್ರಂಥ 1950ರಲ್ಲಿ ಹೊರಬಂದಿತು. ತಾಗಿದ ತುದಿಗಳ ಮೇಲೆ ಒತ್ತಡ ಅಪಾರವಾದುದರಿಂದ ಅಲ್ಲಿ ಲೋಹಕ್ಕೆ ಲೋಹ ಬೆಸೆದುಕೊಳ್ಳುತ್ತದೆ. ಚಲಿಸುವಾಗ ಆ ಬೆಸುಗೆ ಹರಿಯಬೇಕು. ಘರ್ಷಣೆಯ ಬಹುಪಾಲು ಇದೇ. ಎರಡು ಶುದ್ಧ ಲೋಹಗಳನ್ನು ಅತಿಯಾಗಿ ನಯಗೊಳಿಸಿ, ನಡುವೆ ಎಣ್ಣೆಯೂ ಇಲ್ಲದೆ ಉಜ್ಜಿದರೆ ತಾಗುವ ಸ್ಥಳಗಳು ಹೆಚ್ಚಿ ಅವು ಕಚ್ಚಿಕೊಂಡುಬಿಡಬಹುದು. ಆದಕಾರಣ ಯಂತ್ರಗಳಲ್ಲಿ ಮುಖ್ಯವಾದ ಪ್ರಶ್ನೆ ಎರಡು ಮೈಗಳ ನಡುವೆ ಎಣ್ಣೆ ನಿಲ್ಲುವುದೇ ಇಲ್ಲವೇ ಎಂಬುದು. ನುಣುಪಿನ ಪ್ರಶ್ನೆ ಆಮೇಲಿನದು.

ತೇಲುವ ಅಚ್ಚು

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ವಿದ್ಯೆ. ಎಣ್ಣೆ ಏನು ಮಾಡುತ್ತದೆಂಬುದು ಮಾತ್ರ 1883ರವರೆಗೆ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಇಂಗ್ಲೆಂಡಿನಲ್ಲಿ ಬೋಚಮ್ ಟವರ್ ಎಂಬ ಎಂಜಿನಿಯರು ರೈಲು ಬಂಡಿಯ ಅಚ್ಚಿನ ಬೇರಿಂಗನ್ನು ಪರೀಕ್ಷಿಸುತ್ತಿದ್ದಾಗ, ಎಣ್ಣೆ ಹಾಕಲೆಂದು ಅದರ ನೆತ್ತಿಯಲ್ಲಿ ಒಂದು ತೂತು ಕೊರೆದನು. ಅಚ್ಚು ತಿರುಗತೊಡಗಿದೊಡನೆ ಎಣ್ಣೆ ಒಳಗಿಳಿಯುವ ಬದಲು ಆ ತೂತಿನಿಂದ ಮೇಲಕ್ಕೆ ಉಕ್ಕಿತು. ಬಿರಡೆ ಬಡಿದರೆ ಬಿರಡೆಯೇ ಹೊರಗೆ ಬಂದಿತು. ಕೊನೆಗೆ ಒತ್ತಡಮಾಪಕವನ್ನು ಜೋಡಿಸಿ ನೋಡಲಾಗಿ, ಬೇರಿಂಗಿನ ಮೇಲೆ ಸರಾಸರಿ ಚದರ ಅಂಗುಲಕ್ಕೆ 100 ಪೌಂಡು ಭಾರವಿದ್ದರೆ, ಎಣ್ಣೆಯ ಒತ್ತಡ 200 ಪೌಂಡನ್ನೂ ಮೀರಿತ್ತು. ಅಂದರೆ ಅಚ್ಚು ಲೋಹದ ಮೇಲೆ ಕುಳಿತಿರಲಿಲ್ಲ. ಎಣ್ಣೆಯ ಮೇಲೆ ತೇಲುತ್ತಿತ್ತು! ಇದರ ಗಣಿತವನ್ನು 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಕೊಟ್ಟನು. ಚಲಿಸುವ ಮೈ ತನ್ನೊಡನೆ ಎಣ್ಣೆಯನ್ನು ಎಳೆದುಕೊಂಡು ಹೋಗುತ್ತದೆ. ಎರಡು ಮೈಗಳ ನಡುವಣ ಸಂದು ಮುಂದೆ ಮುಂದೆ ಕಿರಿದಾಗುತ್ತಿದ್ದರೆ ಎಣ್ಣೆ ಅಲ್ಲಿ ಇಕ್ಕಟ್ಟಿಗೆ ಸಿಕ್ಕಿ ಒತ್ತಡವನ್ನು ಪಡೆದು ಭಾರವನ್ನು ಎತ್ತಿ ಹಿಡಿಯುತ್ತದೆ. ಮಳೆಗಾಲದಲ್ಲಿ ನೀರು ನಿಂತ ರಸ್ತೆಯ ಮೇಲೆ ವೇಗವಾಗಿ ಹೋಗುವ ಕಾರಿನ ಗಾಲಿ ನೆಲ ಬಿಟ್ಟು ಜಾರುವುದು ಇದೇ ಕಾರಣದಿಂದ.

ಇನ್ನು ಮೂರನೆಯ ಹೆಸರು ಜರ್ಮನಿಯ ಸ್ಟ್ರೈಬೆಕ್‌ನದು. 1902ರಲ್ಲಿ ಆತನು ಪ್ರಕಟಿಸಿದ ವಕ್ರರೇಖೆ ಇಂದಿಗೂ ಈ ಶಾಸ್ತ್ರದ ಓಂಕಾರ. ಎಣ್ಣೆಯ ಸ್ನಿಗ್ಧತೆಯನ್ನು, ಅಂದರೆ ಅದರ ಮಂದತನವನ್ನು, ಚಲನೆಯ ವೇಗದಿಂದ ಗುಣಿಸಿ ಭಾರದಿಂದ ಭಾಗಿಸಿರಿ. ಈ ಮೊತ್ತ ಬಹಳ ಕಡಿಮೆಯಾಗಿದ್ದಾಗ ಲೋಹಗಳು ತಾಗುತ್ತವೆ, ಘರ್ಷಣೆ ಹೆಚ್ಚು. ಮೊತ್ತ ಏರುತ್ತ ಹೋದಂತೆ ಎಣ್ಣೆಯ ಪೊರೆ ದಪ್ಪವಾಗಿ ಘರ್ಷಣೆ ಕಡಿದಾಗಿ ಇಳಿಯುತ್ತದೆ. ಒಂದು ಕನಿಷ್ಠವನ್ನು ಮುಟ್ಟಿದ ಮೇಲೆ ಪುನಃ ನಿಧಾನವಾಗಿ ಏರುತ್ತದೆ; ಈಗ ಲೋಹ ಲೋಹವನ್ನು ಮುಟ್ಟುತ್ತಿಲ್ಲ, ಎಣ್ಣೆಯನ್ನು ಕಲಕುವುದಕ್ಕೇ ಶಕ್ತಿ ಬೇಕಾಗುತ್ತದೆ.

ಸಮವೇಗದಲ್ಲಿ ತಿರುಗುವ ಅಚ್ಚಿಗೆ ಈ ರೇಖೆಯ ಮೇಲೆ ಒಂದು ಒಳ್ಳೆಯ ಸ್ಥಾನವನ್ನು ಆರಿಸಿಕೊಡಬಹುದು. ಪಿಸ್ಟನ್ನಿನ ಕಷ್ಟ ಬೇರೆ. ಅದು ಮೇಲಕ್ಕೂ ಕೆಳಕ್ಕೂ ಓಡುತ್ತ ಎರಡು ತುದಿಗಳಲ್ಲಿಯೂ ನಿಂತು ಹಿಂದಿರುಗಬೇಕು. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1960ರ ದಶಕದಿಂದ ತಯಾರಾಗುತ್ತಿದ್ದ ಜಾವಾ ಮೋಟಾರು ಸೈಕಲನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಅದೇ ಕಾರ್ಖಾನೆಯ ಗಾಡಿಗಳಿಗೆ ಮುಂದೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿದರೂ ಅದರ ಗಾಡಿಗಳು ಈ ಜಿಲ್ಲೆಯ ರಸ್ತೆಗಳಿಂದ ಇನ್ನೂ ಮರೆಯಾಗಿಲ್ಲ. ಅದರ 250 ಸಿಸಿ ಎಂಜಿನ್ನಿನ ಸಿಲಿಂಡರಿನ ವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು. ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಪಿಸ್ಟನ್ನಿನ ಸರಾಸರಿ ವೇಗವೆಷ್ಟು? ಸುತ್ತಿಗೆ ಎರಡು ಓಟದಂತೆ 150 ಮಿಲಿಮೀಟರು. 4,000 ಸುತ್ತಿಗೆ 600 ಮೀಟರು. ಸೆಕೆಂಡಿಗೆ 10 ಮೀಟರು. ಓಟದ ಕುದುರೆಗಿಂತ ಇದು ಕಡಿಮೆಯೆನಿಸಬಹುದು. ಆದರೆ ಸೆಕೆಂಡಿಗೆ 133 ಬಾರಿ ನಿಂತು ಹಿಂದಿರುಗುವ ಕುದುರೆಯನ್ನು ಯಾರು ಕಂಡಿದ್ದಾರೆ!

ಓಟದ ನಡುವಿನಲ್ಲಿ ವೇಗ ಹೆಚ್ಚಿರುವುದರಿಂದ ಪಿಸ್ಟನ್ನಿನ ಉಂಗುರಗಳು ಎಣ್ಣೆಯ ಮೇಲೆ ಸುಖವಾಗಿ ತೇಲುತ್ತವೆ. ತುದಿಗಳಲ್ಲಿ ವೇಗ ಸೊನ್ನೆಯಾಗುತ್ತದೆ. ಸ್ಟ್ರೈಬೆಕ್ಕನ ಮೊತ್ತವೂ ಸೊನ್ನೆಯಾಗುತ್ತದೆ. ಮೇಲಿನ ತುದಿಯ ಸ್ಥಿತಿಯಂತೂ ಅತ್ಯಂತ ಕಠಿನ. ಇಂಧನ ಹೊತ್ತಿ ಉರಿಯುವುದು ಅಲ್ಲಿಯೇ. ಶಾಖದಿಂದ ಎಣ್ಣೆ ತೆಳ್ಳಗಾಗುತ್ತದೆ, ಅನಿಲದ ಒತ್ತಡ ಉಂಗುರದ ಬೆನ್ನಿಗೆ ನುಗ್ಗಿ ಅದನ್ನು ಗೋಡೆಗೆ ಒತ್ತುತ್ತದೆ. ವೇಗವಿಲ್ಲ, ಮಂದತನವಿಲ್ಲ, ಭಾರ ಮಾತ್ರ ಗರಿಷ್ಠ. ಅಲ್ಲಿ ಎಣ್ಣೆಯ ಪೊರೆ ಒಂದು ಮೈಕ್ರಾನಿನಷ್ಟು, ಹಲವು ವೇಳೆ ಅದಕ್ಕಿಂತಲೂ ತೆಳುವಾಗಿರುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನು.

ಉತ್ತ ಹೊಲದಂಥ ಗೋಡೆ

ಈಗ ಗೀರುಗಳಿಗೆ ಬರೋಣ. ಗೋಡೆ ಕನ್ನಡಿಯಂತೆ ನುಣುಪಾಗಿದ್ದರೆ ಉಂಗುರವು ಪ್ರತಿ ಓಟದಲ್ಲಿಯೂ ಎಣ್ಣೆಯನ್ನು ಗೋರಿಕೊಂಡು ಹೋಗುತ್ತದೆ. ತುದಿಯಲ್ಲಿ ನಿಂತಾಗ ನೆರವಿಗೆ ಏನೂ ಉಳಿದಿರುವುದಿಲ್ಲ. ಗೋಡೆಯಲ್ಲಿ ಗೀರುಗಳಿದ್ದರೆ, ಅವುಗಳೊಳಗಿನ ಎಣ್ಣೆಯನ್ನು ಉಂಗುರ ಗೋರಲಾರದು. ಉಂಗುರ ಹಾದುಹೋಗುವಾಗ ಆ ಎಣ್ಣೆ ಸ್ವಲ್ಪ ಸ್ವಲ್ಪವೇ ಮೇಲೆದ್ದು ಬರುತ್ತದೆ. ಸವೆತದಿಂದ ಉದುರಿದ ಲೋಹದ ಕಣಗಳೂ ಆ ಗೀರುಗಳಲ್ಲಿ ಬಿದ್ದು ಸೆರೆಯಾಗಿ, ಗೋಡೆಯನ್ನು ಕೆರೆಯುವುದನ್ನು ನಿಲ್ಲಿಸುತ್ತವೆ.

ಹೀಗೆ ನಿಲ್ಲುವ ಎಣ್ಣೆಯಾದರೂ ಎಷ್ಟು? ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಸಿಲಿಂಡರಿನ ವ್ಯಾಸ 8 ಸೆಂಟಿಮೀಟರು, ಉಂಗುರ ಓಡಾಡುವ ಉದ್ದ 10 ಸೆಂಟಿಮೀಟರು ಎಂದಿಟ್ಟುಕೊಂಡರೆ ಗೋಡೆಯ ವಿಸ್ತೀರ್ಣ ಸುಮಾರು 250 ಚದರ ಸೆಂಟಿಮೀಟರು. ಎಲ್ಲ ಗೀರುಗಳ ಎಣ್ಣೆಯನ್ನೂ ಗೋಡೆಯ ಮೇಲೆ ಸಮನಾಗಿ ಹರಡಿದರೆ ಒಂದು ಮೈಕ್ರಾನ್ ದಪ್ಪವಾದೀತೆಂದು ಭಾವಿಸೋಣ. ಆಗ ಎಣ್ಣೆಯ ಗಾತ್ರ 0.025 ಘನ ಸೆಂಟಿಮೀಟರು. ಒಂದು ಘನ ಸೆಂಟಿಮೀಟರಿಗೆ 20 ತೊಟ್ಟು ಎಂಬ ಔಷಧಾಲಯದ ಲೆಕ್ಕವನ್ನು ಹಿಡಿದರೆ, ಇದು ಅರ್ಧ ತೊಟ್ಟು! ಹೊಲದಲ್ಲಿ ದಿನವಿಡೀ ದುಡಿಯುವ ಎಂಜಿನ್ನಿನ ಸಿಲಿಂಡರು ಕಚ್ಚಿಕೊಳ್ಳದಂತೆ ತಡೆದಿರುವುದು ಸದಾ ನವೀಕರಣಗೊಳ್ಳುವ ಈ ಅರ್ಧ ತೊಟ್ಟು ಎಣ್ಣೆ.

ಗೀರು ಹಾಕುವ ಕ್ರಿಯೆಗೆ ಹೋನಿಂಗ್ ಎಂದು ಹೆಸರು. ಸಾಣೆಕಲ್ಲಿನ ಕಡ್ಡಿಗಳನ್ನು ಕಟ್ಟಿದ ಒಂದು ಉಪಕರಣ ಸಿಲಿಂಡರಿನೊಳಗೆ ತಿರುಗುತ್ತಲೂ ಇರುತ್ತದೆ, ಮೇಲೆ ಕೆಳಗೆ ಓಡಾಡುತ್ತಲೂ ಇರುತ್ತದೆ. ಕೆಳಗಿಳಿಯುವಾಗ ಬಿದ್ದ ಓರೆ ಗೀರನ್ನು ಮೇಲೇರುವಾಗ ಬಿದ್ದ ಗೀರು ಕತ್ತರಿಸುತ್ತದೆ. ಹೊಲವನ್ನು ಒಮ್ಮೆ ಉದ್ದಕ್ಕೂ ಒಮ್ಮೆ ಅಡ್ಡಕ್ಕೂ ಉತ್ತ ಹಾಗೆ. ಗೀರುಗಳ ನಡುವಣ ಕೋನವನ್ನು ನಿರ್ಧರಿಸುವುದು ಈ ಎರಡು ವೇಗಗಳ ಪ್ರಮಾಣ. ಎರಡೂ ಸಮವಾಗಿದ್ದರೆ ಗೀರುಗಳು ಲಂಬಕೋನದಲ್ಲಿ ಕತ್ತರಿಸುತ್ತವೆ. ಓಡಾಟದ ವೇಗ ತಿರುಗುವ ಅಂಚಿನ ವೇಗದ 0.58 ರಷ್ಟಿದ್ದರೆ ಕೋನ 60 ಡಿಗ್ರಿ; 0.41 ರಷ್ಟಿದ್ದರೆ 45 ಡಿಗ್ರಿ. ಟ್ಯಾಂಜೆಂಟುಗಳ ಕೋಷ್ಟಕವನ್ನು ಬಲ್ಲವರು ಇದನ್ನು ತಾವೇ ತಾಳೆ ನೋಡಿಕೊಳ್ಳಲಿ. ಸಾಮಾನ್ಯವಾಗಿ ಇಟ್ಟುಕೊಳ್ಳುವ ಕೋನ 45ರಿಂದ 60 ಡಿಗ್ರಿಯವರೆಗೆ. ಗೀರುಗಳು ತೀರ ಕಡಿದಾಗಿ ನಿಂತರೆ ಎಣ್ಣೆ ಬೇಗನೆ ಕೆಳಕ್ಕೆ ಇಳಿದುಹೋಗುತ್ತದೆ. ತೀರ ಅಡ್ಡಲಾದರೆ ಉಂಗುರಕ್ಕೆ ಪ್ರತಿ ಗೀರೂ ಒಂದು ಮೆಟ್ಟಿಲಿನಂತಾಗಿ, ಎಣ್ಣೆಯೂ ಅಗತ್ಯಕ್ಕಿಂತ ಹೆಚ್ಚಾಗಿ ಉಳಿದು ಸುಟ್ಟು ಹೊಗೆಯಾಗುತ್ತದೆ.

ಒಂದೇ ಸಲ ಒರಟು ಕಲ್ಲಿನಿಂದ ಉಜ್ಜಿ ಬಿಟ್ಟರೆ ಗೀರುಗಳ ಜೊತೆಗೆ ಚೂಪಾದ ಏಣುಗಳೂ ಉಳಿಯುತ್ತವೆ. ಅವು ಉಂಗುರವನ್ನು ಅರದಂತೆ ಅರೆಯುತ್ತವೆ. ಆದ್ದರಿಂದ ಒಳ್ಳೆಯ ಕೆಲಸಗಾರರು ಎರಡನೆಯ ಸಲ ನಯವಾದ ಕಲ್ಲಿನಿಂದ ಆ ಏಣುಗಳನ್ನಷ್ಟೇ ಸವರಿ ತೆಗೆಯುತ್ತಾರೆ. ಉತ್ತ ಹೊಲದ ಮೇಲೆ ಮಟ್ಟದ ಹಲಗೆ ಎಳೆದರೆ ಹೆಂಟೆಗಳ ನೆತ್ತಿ ಮುರಿದು ಮೇಲೆ ಸಮನಾಗುತ್ತದೆ, ಕೆಳಗೆ ಸಾಲು ಮಾತ್ರ ಇದ್ದೇ ಇರುತ್ತದೆ. ಹೀಗೆ ಮಾಡಿದ ಮೈ ಏಕಕಾಲದಲ್ಲಿ ನುಣುಪೂ ಹೌದು, ಒರಟೂ ಹೌದು: ಭಾರ ಹೊರುವ ಜಾಗವೆಲ್ಲ ಚಪ್ಪಟೆ, ಎಣ್ಣೆ ನಿಲ್ಲುವ ಜಾಗ ಕೆಲವೇ ಮೈಕ್ರಾನ್ ಆಳದ ತಗ್ಗು. ಇಲ್ಲಿ ಒಂದು ಸೂಕ್ಷ್ಮವಿದೆ. ಸಮತಟ್ಟಾದ ನೆಲದಲ್ಲಿ ಅಲ್ಲಲ್ಲಿ ಗುಂಡಿ ತೋಡಿದ ಹೊಲವನ್ನೂ, ಅಷ್ಟೇ ಸಂಖ್ಯೆಯ ಅಷ್ಟೇ ಗಾತ್ರದ ಗುಡ್ಡೆಗಳನ್ನು ಪೇರಿಸಿದ ಹೊಲವನ್ನೂ ಹೋಲಿಸಿರಿ. ಸರಾಸರಿ ಏರಿಳಿತ ಎರಡಕ್ಕೂ ಒಂದೇ. ನಡೆಯುವವನಿಗೆ ಮಾತ್ರ ಎರಡೂ ಒಂದಲ್ಲ. ಒರಟುತನವನ್ನು ಒಂದೇ ಸರಾಸರಿ ಸಂಖ್ಯೆಯಿಂದ ಹೇಳುವುದು ಸಾಲದೆಂದು ಕಂಡು, ಯಾವ ಎತ್ತರದಲ್ಲಿ ಮೈಯ ಎಷ್ಟು ಭಾಗ ಭಾರ ಹೊರಬಲ್ಲದೆಂಬುದನ್ನು ತೋರಿಸುವ ರೇಖೆಯನ್ನು 1933ರಲ್ಲಿ ಅಬಟ್ ಮತ್ತು ಫೈರ್‌ಸ್ಟೋನ್ ಎಂಬವರು ರೂಢಿಗೆ ತಂದರು. ಸಿಲಿಂಡರಿನ ಗೋಡೆಯನ್ನು ಇಂದು ಅಳೆಯುವುದು ಆ ರೇಖೆಯಿಂದ ಹುಟ್ಟಿದ ಮಾನಗಳಿಂದಲೇ.

ಬೀಡು ಕಬ್ಬಿಣದ ಸಿಲಿಂಡರಿಗೆ ಹುಟ್ಟಿನಿಂದಲೇ ಇನ್ನೊಂದು ಅನುಕೂಲವಿದೆ. ಅದರೊಳಗೆ ಇಂಗಾಲವು ಗ್ರಾಫೈಟಿನ ಪದರಗಳಾಗಿ ಹರಡಿಕೊಂಡಿರುತ್ತದೆ. ಗ್ರಾಫೈಟು ತಾನೇ ಜಾರುವ ವಸ್ತು. ಅದು ಉದುರಿದ ಜಾಗ ಎಣ್ಣೆಗೆ ಗೂಡಾಗುತ್ತದೆ. ಅಗ್ಗವಾದ ಈ ಲೋಹ ಇಷ್ಟು ಕಾಲ ಎಂಜಿನ್ನುಗಳಲ್ಲಿ ಉಳಿದುಬಂದಿರುವುದು ಸುಮ್ಮನೆ ಅಲ್ಲ. ಈಚಿನ ಕೆಲವು ಕಾರುಗಳಲ್ಲಿ ಅಲ್ಯೂಮಿನಿಯಂ ಸಿಲಿಂಡರಿಗೆ ಕಬ್ಬಿಣವನ್ನು ಕರಗಿಸಿ ಎರಚಿ ತೆಳುವಾದ ಲೇಪ ಕೊಟ್ಟು, ನಿಜವಾಗಿಯೂ ಕನ್ನಡಿಯಂತೆ ನಯಗೊಳಿಸುತ್ತಾರೆ. ಹಾಗಾದರೆ ಮೇಲೆ ಹೇಳಿದ್ದೆಲ್ಲ ಸುಳ್ಳಾಯಿತೆ? ಇಲ್ಲ, ಎರಚಿದ ಲೇಪದಲ್ಲಿ ಸಹಜವಾಗಿಯೇ ಉಳಿಯುವ ಸೂಕ್ಷ್ಮ ರಂಧ್ರಗಳು ಅಲ್ಲಿ ಗೀರಿನ ಕೆಲಸವನ್ನು ಮಾಡುತ್ತವೆ.

ಪ್ರಸಂಗವಶಾತ್ ಒಂದು ಮಾತು. ಮೈಯನ್ನು ಬೇಕೆಂದೇ ಒರಟು ಮಾಡುವುದು ನಮಗೆ ಹೊಸದೇನಲ್ಲ. ರಾಗಿ ಬೀಸುವ ಕಲ್ಲು ಸವೆದು ನುಣುಪಾದಾಗ ಉಳಿಯಿಂದ ಕಚ್ಚು ಹೊಡೆಸುತ್ತಿದ್ದುದುಂಟು. ಇಲ್ಲದಿದ್ದರೆ ಕಾಳು ಜಾರುತ್ತಿತ್ತೇ ಹೊರತು ಹಿಟ್ಟಾಗುತ್ತಿರಲಿಲ್ಲ. ಗಾಲಿಯ ಟೈರಿನ ಮೇಲಣ ಪಟ್ಟೆಗಳು ನೀರನ್ನು ಹೊರಕ್ಕೆ ಹರಿಸುವುದಕ್ಕಾಗಿ, ಸಿಲಿಂಡರಿನ ಗೀರುಗಳು ಎಣ್ಣೆಯನ್ನು ಒಳಗೆ ಉಳಿಸಿಕೊಳ್ಳುವುದಕ್ಕಾಗಿ. ಒಂದೇ ಉಪಾಯ, ಉದ್ದೇಶ ಮಾತ್ರ ವಿರುದ್ಧ.

ಗೀರಿನಿಂದ ಗುಳಿಗೆ

ಗೀರುಗಳು ಎಣ್ಣೆಯ ಉಗ್ರಾಣ ಮಾತ್ರವೇ? 1966ರಲ್ಲಿ ಅಮೆರಿಕದ ಹ್ಯಾಮಿಲ್ಟನ್, ವಾಲೋವಿಟ್ ಮತ್ತು ಆಲೆನ್ ಎಂಬವರು, ಮೈಮೇಲಣ ಸೂಕ್ಷ್ಮ ಏರಿಳಿತಗಳು ತಾವೇ ಎಣ್ಣೆಯಲ್ಲಿ ಒತ್ತಡವನ್ನು ಹುಟ್ಟಿಸಿ ಭಾರ ಎತ್ತಬಲ್ಲವೆಂದು ತೋರಿಸಿದರು. ಒಂದು ಚಿಕ್ಕ ಗುಳಿಯನ್ನು ಊಹಿಸಿಕೊಳ್ಳಿರಿ. ಎಣ್ಣೆ ಗುಳಿಯೊಳಕ್ಕೆ ಇಳಿಯುವ ಕಡೆ ಸಂದು ಅಗಲವಾಗುತ್ತದೆ, ಒತ್ತಡ ತಗ್ಗುತ್ತದೆ. ಹೊರಕ್ಕೆ ಏರುವ ಕಡೆ ಸಂದು ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಏರಿದ್ದೂ ತಗ್ಗಿದ್ದೂ ಸಮನಾದರೆ ಲಾಭವೇನೂ ಇಲ್ಲವೆಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದದ್ದೇ. ಆದರೆ ಒತ್ತಡ ತಗ್ಗುವುದಕ್ಕೆ ಒಂದು ಮಿತಿಯುಂಟು. ಅದಕ್ಕಿಂತ ಕೆಳಗಿಳಿದರೆ ಎಣ್ಣೆಯಲ್ಲಿ ಗುಳ್ಳೆಗಳು ಎದ್ದು ಒತ್ತಡ ಅಲ್ಲಿಗೇ ನಿಲ್ಲುತ್ತದೆ. ಏರುವುದಕ್ಕೆ ಅಂಥ ತಡೆಯಿಲ್ಲ. ಆದಕಾರಣ ಒಟ್ಟಿನಲ್ಲಿ ಮೇಲೆತ್ತುವ ಬಲವೇ ಹೆಚ್ಚಾಗಿ ಉಳಿಯುತ್ತದೆ.

ಇಸ್ರೇಲಿನ ಹೈಫಾ ನಗರದ ಟೆಕ್ನಿಯಾನ್ ಸಂಸ್ಥೆಯಲ್ಲಿ ಇಜಾಕ್ ಎಟ್ಸಿಯಾನ್ ಎಂಬ ಪ್ರಾಧ್ಯಾಪಕರು 1990ರ ದಶಕದಿಂದ ಇದನ್ನು ಲೇಸರ್ ಕಿರಣದ ನೆರವಿನಿಂದ ಕಾರ್ಯರೂಪಕ್ಕೆ ತಂದರು. ಲೇಸರಿನ ಒಂದೊಂದು ಮಿಡಿತ ಲೋಹದಲ್ಲಿ ಒಂದೊಂದು ಗುಳಿಯನ್ನು ಕೊರೆಯುತ್ತದೆ: ಅಗಲ ಸುಮಾರು 100 ಮೈಕ್ರಾನು, ಆಳ ಅದರ ಹತ್ತನೆಯ ಒಂದು ಭಾಗ. ಇಂಥ ಗುಳಿಗಳನ್ನು ಮುಖದ ಒಂದು ಭಾಗದಲ್ಲಿ ಮಾತ್ರ ಕೊರೆದ ಪಿಸ್ಟನ್ ಉಂಗುರಗಳನ್ನು ಡೀಸೆಲ್ ಎಂಜಿನ್ನಿಗೆ ತೊಡಿಸಿ ನೋಡಿದಾಗ ಇಂಧನದ ವೆಚ್ಚ ಶೇಕಡ 4ರವರೆಗೆ ಇಳಿಯಿತೆಂದು ಅವರು 2009ರಲ್ಲಿ ವರದಿ ಮಾಡಿದರು.

ಶೇಕಡ 4 ಎಂಬುದು ಅಲ್ಪವೆನ್ನುವವರು ಈ ಲೆಕ್ಕವನ್ನು ಗಮನಿಸಬೇಕು. ಕಾರಿಗೆ ಹಾಕಿದ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಎಂಜಿನ್ನು, ಗೇರು, ಟೈರು, ಬ್ರೇಕುಗಳ ಘರ್ಷಣೆಗೆ ಹೋಗುತ್ತದೆಂದು 2012ರಲ್ಲಿ ಫಿನ್‌ಲೆಂಡಿನ ಹೋಲ್ಮ್‌ಬರ್ಗ್ ಮತ್ತು ಸಂಗಡಿಗರು ಗಣಿಸಿದ್ದಾರೆ. ಅದರ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಎಂಜಿನ್ನಿನೊಳಗಿನದು. ಎಂಜಿನ್ನಿನದರಲ್ಲಿ ಅರ್ಧಕ್ಕೆ ಸಮೀಪವಾದ ಪಾಲು ಪಿಸ್ಟನ್ನು ಮತ್ತು ಉಂಗುರಗಳದು. ಗುಣಿಸಿದರೆ ನೂರು ಲೀಟರಿಗೆ ಐದಾರು ಲೀಟರು ಬರಿಯ ಪಿಸ್ಟನ್ನಿನ ಉಜ್ಜಾಟಕ್ಕೆ ವೆಚ್ಚವಾಯಿತು. ಟ್ರಾಕ್ಟರಿಗೆ ಈ ಅಂಕಿಗಳು ಹಾಗೆಯೇ ಹೊಂದಲಾರವು. ಆದರೂ ಪ್ರಮಾಣದ ಅಂದಾಜಿಗೆ ಸಾಕು.

ಗುಳಿ ಕೊರೆದ ಮಾತ್ರಕ್ಕೆ ಎಲ್ಲೆಲ್ಲಿಯೂ ಲಾಭವೇ ಎಂದು ತಿಳಿಯಲಾಗದು. ಮೊದಲೇ ಪೀಪಾಯಿಯಂತೆ ಉಬ್ಬಿದ ಮುಖವುಳ್ಳ ಉಂಗುರಕ್ಕೆ ಕಿರಿದಾಗುವ ಸಂದು ತಾನಾಗಿಯೇ ಇರುತ್ತದೆ. ಅಲ್ಲಿ ಗುಳಿ ಹೆಚ್ಚೇನೂ ಮಾಡಲಾರದು. ಗುಳಿ ತೀರ ಆಳವಾದರೆ ಒತ್ತಡ ನಿಲ್ಲದೆ ಸೋರಿಹೋಗುತ್ತದೆ. ಗೀರಿನ ಆಕಾರ ಮತ್ತು ದಿಕ್ಕು ಎಷ್ಟು ಮುಖ್ಯವೆಂಬುದಕ್ಕೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಒಳ್ಳೆಯ ಸಾಕ್ಷ್ಯ ದೊರೆತಿದೆ. ಅಲ್ಲಿ ಪ್ರದೀಪ ಮೆನೆಜೆಸ್, ಕಿಶೋರ್ ಮತ್ತು ಸತೀಶ್ ಕೈಲಾಸ್ ಅವರು ಈ ಶತಮಾನದ ಮೊದಲ ದಶಕದಲ್ಲಿ ಉಕ್ಕಿನ ಫಲಕಗಳನ್ನು ಬೇರೆ ಬೇರೆ ಬಗೆಯಾಗಿ ಉಜ್ಜಿ, ಅವುಗಳ ಮೇಲೆ ಮೃದು ಲೋಹದ ಕಡ್ಡಿಗಳನ್ನು ಜಾರಿಸಿ ಪರೀಕ್ಷಿಸಿದರು. ಗೀರುಗಳಿಗೆ ಅಡ್ಡಲಾಗಿ ಜಾರಿಸಿದಾಗ ಘರ್ಷಣೆ ಎಲ್ಲಕ್ಕಿಂತ ಹೆಚ್ಚು. ಯಾವ ದಿಕ್ಕೂ ಇಲ್ಲದಂತೆ ಉಜ್ಜಿದ ಮೈಯ ಮೇಲೆ ಎಲ್ಲಕ್ಕಿಂತ ಕಡಿಮೆ. ಸರಾಸರಿ ಒರಟುತನದ ಅಂಕಿಗಿಂತ ಗೀರಿನ ವಿನ್ಯಾಸವೇ ಘರ್ಷಣೆಯನ್ನು ಆಳುತ್ತದೆಂಬುದು ಅವರು ಕಂಡ ಫಲ. ಕುರುಂದದ ಕಾಗದದಿಂದ ಕೈ ಬಂದ ಕಡೆಗೆ ಸಿಲಿಂಡರನ್ನು ಉಜ್ಜಿ ‘ಹೋನಿಂಗ್ ಆಯಿತು’ ಎನ್ನುವವರಿಗೆ ಈ ಫಲವನ್ನು ಕೇಳಿಸಬೇಕು.

ಪಳಗಿಸುವ ಕಾಲ

ಹೊಸದಾಗಿ ಕೊರೆಸಿದ ಎಂಜಿನ್ನಿನಲ್ಲಿ ಉಳಿದ ಅಲ್ಪ ಸ್ವಲ್ಪ ಏಣುಗಳನ್ನು ಉಂಗುರಗಳೇ ಸವರಿ ಮುಗಿಸುತ್ತವೆ. ಇದೇ ಪಳಗಿಸುವ ಕಾಲ. ಹೊಸ ಎಂಜಿನ್ನಿಗೆ ಆಯಾಸವಾಗಬಾರದೆಂದು ಕೆಲವರು ಅದನ್ನು ಗಂಟೆಗಟ್ಟಲೆ ಭಾರವಿಲ್ಲದೆ ಸುಮ್ಮನೆ ಓಡಿಸುತ್ತಾರೆ. ಇದು ಕರುಣೆಯಂತೆ ಕಂಡರೂ ಕೇಡು. ಭಾರವಿಲ್ಲದಿದ್ದರೆ ಅನಿಲದ ಒತ್ತಡ ಉಂಗುರವನ್ನು ಗೋಡೆಗೆ ಸಾಕಷ್ಟು ಒತ್ತದು, ಏಣು ಸವೆಯದು, ಅರೆಸುಟ್ಟ ಎಣ್ಣೆ ಗೋಡೆಗೆ ಮೆತ್ತಿಕೊಂಡು ಗೀರುಗಳನ್ನು ತುಂಬಿ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಆಮೇಲೆ ಎಣ್ಣೆ ಕುಡಿಯುವ ರೋಗ ಹೊಸ ಎಂಜಿನ್ನಿಗೇ ತಗಲುತ್ತದೆ. ಬಿಚ್ಚಿ ಮತ್ತೊಮ್ಮೆ ಗೀರು ಹಾಕಿಸದೆ ಗತ್ಯಂತರವಿಲ್ಲ. ಮಿತವಾದ ಭಾರ, ಏರಿಳಿಯುವ ವೇಗ, ಮೊದಲ ಎಣ್ಣೆಯನ್ನು ಬೇಗ ಬದಲಾಯಿಸುವುದು: ಪಳಗಿಸುವ ಕ್ರಮ ಇಷ್ಟೇ.

ಇನ್ನೊಂದು ವೈರಿ ಧೂಳು. ಬೇಸಗೆಯ ಉಳುಮೆಯಲ್ಲಿ ಏಳುವ ಕೆಮ್ಮಣ್ಣಿನ ಧೂಳಿನಲ್ಲಿ ಕಬ್ಬಿಣಕ್ಕಿಂತ ಗಟ್ಟಿಯಾದ ಬೆಣಚುಕಲ್ಲಿನ ಕಣಗಳಿರುತ್ತವೆ. ಗಾಳಿ ಸೋಸುವ ಡಬ್ಬಿ ಕೊಳೆತೋ ಸಡಿಲವಾಗಿಯೋ ಇದ್ದರೆ ಕೆಲವೇ ಮೈಕ್ರಾನಿನ ಆ ಕಣಗಳು ಎಣ್ಣೆಯ ಪೊರೆಗಿಂತ ದಪ್ಪವಾಗಿದ್ದು, ಉಂಗುರಕ್ಕೂ ಗೋಡೆಗೂ ನಡುವೆ ಸಿಕ್ಕಿ, ಹೋನಿಂಗಿನ ಗೀರುಗಳನ್ನು ಅಳಿಸಿ ತಮ್ಮದೇ ಉದ್ದನೆಯ ನೆಟ್ಟ ಗೀರುಗಳನ್ನು ಬರೆಯುತ್ತವೆ.

ಬಹುಕಾಲ ದುಡಿದ ಎಂಜಿನ್ನನ್ನು ಬಿಚ್ಚಿದಾಗ ಹತ್ತಿರವಿರುವ ಅವಕಾಶ ಸಿಕ್ಕಿದರೆ ವಿದ್ಯಾರ್ಥಿಗಳು ಟಾರ್ಚು ಹಿಡಿದು ಒಳಗೆ ನೋಡಬೇಕು. ಬಾಯಿಯಿಂದ ಸ್ವಲ್ಪ ಕೆಳಗೆ ಉಗುರು ಆಡಿಸಿದರೆ ಒಂದು ಸಣ್ಣ ಮೆಟ್ಟಿಲು ತಗಲುತ್ತದೆ. ಮೊದಲನೆಯ ಉಂಗುರ ನಿಂತು ಹಿಂದಿರುಗುವ ಸ್ಥಳ ಅದು. ಅದರ ಮೇಲಕ್ಕೆ ಉಂಗುರ ಹೋಗಿಲ್ಲ, ಕೆಳಕ್ಕೆ ಗೋಡೆ ಸವೆದಿದೆ. ಆ ಪಟ್ಟಿಯಲ್ಲಿ ಗೀರುಗಳು ಅಳಿಸಿಹೋಗಿ ಮೈ ಹೊಳೆಯುತ್ತಿರುತ್ತದೆ. ನಡುಭಾಗದಲ್ಲಿ, ಪಿಸ್ಟನ್ನು ಅತಿ ವೇಗವಾಗಿ ಓಡಿದ ಕಡೆಯಲ್ಲಿ, ಎಂಜಿನ್ನಿನ ಆರೈಕೆ ಚೆನ್ನಾಗಿದ್ದರೆ ಕೊರೆದ ದಿನದ ಓರೆ ಗೀರುಗಳು ಇನ್ನೂ ಕಾಣಿಸುತ್ತವೆ.